ಎಷ್ಟು ತೂಕ

ಹಲ್ ಬಂದರಿನ ಮರದ ಕಟ್ಟೆಯಲ್ಲಿ
ಮೂವತ್ತೊಂದು ವರ್ಷ ಹಲಗೆ ಹೊತ್ತವನು ವಿಲ್ಫ್ ಬ್ಲೆಂಕಿನ್.
ಬಾಲ್ಟಿಕ್ ಕಡಲು ದಾಟಿ ಬಂದ ಪೈನ್,
ಇನ್ನೂ ಅಂಟು ಒಸರುವಂಥದು.
ಬಲಹೆಗಲ ಮೇಲೆ ತೊಗಲಿನ ಮೆತ್ತೆ,
ಮೆತ್ತೆಯ ಕೆಳಗೆ ಇನ್ನೊಂದು ತೊಗಲು, ಅವನದೇ,
ಅದೂ ಹದಗೊಂಡದ್ದು.

ಶುಕ್ರವಾರ ಸಂಜೆ ಹಲಗೆಯೊಂದು
ಹೆಗಲಿಂದ ಇಳಿಯಲೇ ಇಲ್ಲ. ಗೇಟು ದಾಟಿತು.
ಹಿತ್ತಿಲಲ್ಲಿ ಪಾರಿವಾಳದ ಗೂಡಿನ ನೆಲ
ಕೊಳೆತಿತ್ತು, ಅಷ್ಟೆ.

ಸೋಮವಾರ ಕೋರ್ಟು.
ಗುಮಾಸ್ತೆ ಯೂನಿಸ್ ಥರ್ಸ್ಕ್, ಕೆಲಸಕ್ಕೆ ಸೇರಿ ಹನ್ನೊಂದು ದಿನ,
ಎದ್ದು ನಿಂತು ಓದಿದಳು:
ಏಪ್ರಿಲ್ ಹದಿನಾಲ್ಕರಂದು
ಹನ್ನೆರಡು ಅಡಿಯ ಹಲಗೆ ಒಂದು,
ಬೆಲೆ ಒಂಬತ್ತು ಶಿಲಿಂಗ್,
ಕದ್ದಿರೆಂದು ನಿಮ್ಮ ಮೇಲೆ ಚಾರ್ಜು.

ಕ್ರೇನಿಗೆ ಕಿವಿ ಕೊಟ್ಟು ಕೊಟ್ಟು ಕಿವಿ ಕಳಕೊಂಡವನು
ಕೊನೆಯ ಮಾತಷ್ಟೇ ಹಿಡಿದ.
'ಎಷ್ಟು ತೂಕ?' ಅಂದ.

ಕೋರ್ಟು ನಕ್ಕಿತು.
ಮ್ಯಾಜಿಸ್ಟ್ರೇಟರು ನಗುವನ್ನು ಕೆಮ್ಮು ಮಾಡಿಕೊಂಡರು.
ಯೂನಿಸ್ ನಗಲಿಲ್ಲ. ಅವಳು ನೋಡಿದ್ದಳು:
ಬಲಕ್ಕೆ ತುಸು ಬಾಗಿ, ಮೊಣಕಾಲು ಸಡಿಲಿಸಿ,
ಹೊರೆ ಬರುವ ಮೊದಲು ಹೊರುವವರು
ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದ.

ದಂಡ ಎರಡು ಪೌಂಡ್. ಹಲಗೆ ಜಪ್ತಿ.
ಕೂರಬೇಕಿದ್ದದ್ದು ಪಾರಿವಾಳ,
ಕೂತದ್ದು ಗೂಬೆ.

ಊಟದ ಬಿಡುವಿಗೆ ಅವಳು ಲೈಬ್ರರಿಗೆ ಹೋದಳು.
ನಿಘಂಟಿನಲ್ಲಿ ಪದ ಹಿಂದಕ್ಕೆ ನಡೆಯಿತು,
ಬೆರಳು ಅದರ ಹಿಂದೆ.
ಇಲ್ಲಿಗದು ಬಂದದ್ದು ಫ್ರೆಂಚರ ಬಾಯಿಂದ,
ಮೊದಮೊದಲು ಅದಕ್ಕೆ ಕಳ್ಳತನ ಗೊತ್ತಿರಲಿಲ್ಲ,
ಕತ್ತೆಯ ಬೆನ್ನು ಗೊತ್ತಿತ್ತು.
ಅದಕ್ಕೂ ಹಿಂದೆ ಲ್ಯಾಟಿನ್ನಿನಲ್ಲಿ
ಬಂಡಿಗೆ ಸರಕು ಹೇರು ಅಂತ.
ಇನ್ನೂ ಹಿಂದೆ ಲ್ಯಾಟಿನ್ನೂ ಇಲ್ಲ.
ಗಾಲ್ ನಾಡಿನ ಕೆಸರು ದಾರಿ,
ಎಣ್ಣೆ ಕಾಣದ ಅಚ್ಚಿನ ಮೇಲೆ
ಕಿರ್ರೆನ್ನುವ ಕಾರ್ರೋಸ್ ಒಂದು,
ನಾಲ್ಕು ಗಾಲಿ, ಮೇಲೆ ಏನಿತ್ತೋ.
ಕಾರೂ ಕಾರ್ಗೋನೂ ಅದರಿಂದಲೇ ಇಳಿದವು.
ಮೂಗು ಉಬ್ಬಿಸಿ ಬರೆವ ಕ್ಯಾರಿಕೇಚರೂ:
ಅಳತೆ ಮೀರಿ ಹೇರಿದ ಮೋರೆ.

ಮನುಷ್ಯ ಕೇಳಿದ್ದು ಸರಿಯಾಗೇ ಇತ್ತು.
ಉತ್ತರ ಹಾಳೆಯಲ್ಲಿರಲಿಲ್ಲ.

(ನನ್ನ ನುಡಿಯಲ್ಲೂ ಆರೋಪವನ್ನು ಹೊರಿಸುತ್ತಾರೆ.
ಹೊರಿಸುವವರು ಹೊತ್ತದ್ದು ನಾನು ಕಂಡಿಲ್ಲ.)

ಮತ್ತೊಂದು ಪುಟ. ಅವನು ನಿಂತಿದ್ದ ಕಟಕಟೆಗೂ
ಇಲ್ಲಿ ಡಾಕ್ ಅಂತಲೇ ಹೆಸರು, ಹಡಗುಕಟ್ಟೆಯ ಹಾಗೆ.
ನೆಂಟಸ್ತಿಕೆ ಇಲ್ಲ, ಎಂದಿತು ನಿಘಂಟು.
ಇದು ಫ್ಲೆಮಿಶರ ಮಾತು. ಅರ್ಥ, ಹಕ್ಕಿಗೂಡು.
ಯೂನಿಸ್ ಪುಸ್ತಕ ಮುಚ್ಚಿದಳು.

ಮರಳಿದಾಗ ಕೋರ್ಟಿನ ಹಿಂಬಾಗಿಲಲ್ಲಿ ಗಲಾಟೆ.
ಜಪ್ತಿಯಾದ ಹಲಗೆ ನೆಲಮಾಳಿಗೆಗೆ ಇಳಿಯುತ್ತಿಲ್ಲ,
ಮೆಟ್ಟಿಲು ಸುತ್ತು ಹೊಡೆದಿದೆ,
ಇಬ್ಬರು ಪೊಲೀಸರು, ಗೋಡೆಯ ಸುಣ್ಣವೆಲ್ಲ ಕೆರೆದು ಹೋಗಿದೆ.
ರಸೀದಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದವನನ್ನು
ಸಾರ್ಜೆಂಟ್ ಒಮ್ಮೆ ನೋಡಿದ, ಮತ್ತೊಮ್ಮೆ ನೋಡಿದ.
'ಸ್ವಲ್ಪ ಬರ್ತೀಯಾ?'

ವಿಲ್ಫ್ ಕೋಟು ತೆಗೆದು ಮಡಚಿ
ಹೆಗಲಿಗಿಟ್ಟುಕೊಂಡ. ಹಲಗೆ ತಾನಾಗಿ ಬಂದು ಕೂತಂತೆ ಕೂತಿತು,
ತುದಿಗೆ ಕಟ್ಟಿದ ನಂಬರಿನ ಚೀಟಿ
ಅವನ ಕಿವಿಯ ಪಕ್ಕ ತೂಗುತ್ತ.
ಗೋಡೆಗೆ ಎಲ್ಲೂ ತಾಗಲಿಲ್ಲ.

ತಿರುವಿನಲ್ಲಿ ಅವಳಿಗೆ ದಾರಿ ಬಿಟ್ಟು ನಿಂತು,
'ಮೂವತ್ತನಾಲ್ಕು ಪೌಂಡು' ಅಂದ,
'ನೆನೆದಿದ್ದರೆ ಇನ್ನೂ ಮೂರು.'