ಇಪ್ಪತ್ತು ತೆತ್ರಿ

ನಮ್ಮ ಕಟ್ಟಡದ ಲಿಫ್ಟಿಗೆ ಕಾಸು ಹಾಕಬೇಕು.
ಹತ್ತಲು ಇಪ್ಪತ್ತು ತೆತ್ರಿ, ಇಳಿಯಲು ಪುಕ್ಕಟೆ.
ತ್ಬಿಲಿಸಿಯ ಈ ವರ್ಕೇತಿಲಿಯಲ್ಲಿ ಎಲ್ಲರ ಮನೆಯಲ್ಲೂ
ಅದಕ್ಕೆಂದೇ ಚಿಲ್ಲರೆ ಇರುತ್ತದೆ. ನಮ್ಮದು
ಆಕ್ರೋಟಿನ ಮುರಬ್ಬ ಮುಗಿದ ಸೀಸೆಯಲ್ಲಿ.

ಕಾಸು ಬಿದ್ದರೆ ಗಡಗಡ ಎಂದು ಒಯ್ಯುತ್ತದೆ,
ಒಂಬತ್ತನೇ ಮಹಡಿ ಮುಟ್ಟಿಸಿ
ಕೊಟ್ಟಿದ್ದನ್ನು ಮರೆತುಬಿಡುತ್ತದೆ.

ನುತ್ಸಾಗೆ ಹನ್ನೊಂದು ತುಂಬಿದ ಚಳಿಗಾಲ
ಶುರುವಾಯಿತು ಆ ಪ್ರಶ್ನೆ:
"ನೀನು ವಾಪಸ್ ಬರ್ತೀಯ ಅಲ್ವಾ?"
ಬರ್ತೀನಿ ಎಂದೆ, ಬೂಟಿನ ಲೇಸು ಕಟ್ಟುವಾಗ.
ಬರ್ತೀನಿ, ಹೊಸ್ತಿಲಲ್ಲಿ.
ಬೇಕರಿಯಲ್ಲಿ ತೋನೆಯ ಬಾಯಿಗೆ ಬಗ್ಗಿ ರೊಟ್ಟಿ ಬಡಿಯುವಾಗ
ಏಪ್ರನ್ನಿನೊಳಗೆ ಫೋನು ಅದುರುತ್ತಿತ್ತು, ಅದೇ ಪ್ರಶ್ನೆ,
ಹಿಟ್ಟಿನ ಬೆರಳಲ್ಲೇ ಒತ್ತುತ್ತಿದ್ದೆ
ಬರ್ತೀನಿ ಬರ್ತೀನಿ ಬರ್ತೀನಿ.
ಒಂದು ದಿನ ಎಣಿಸಿದೆ.
ನಲವತ್ತೊಂದು.

ಹೊಟ್ಟೆನೋವೆಂದಳು. ಹೊಟ್ಟೆಯ ಡಾಕ್ಟರು
ಹೊಟ್ಟೆಯಲ್ಲಿ ಏನೂ ಇಲ್ಲವೆಂದರು.
ನನ್ನ ಗಂಡನ ತಾಯಿ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಬಂದು
ಮುದ್ದು ಹೆಚ್ಚಾಯಿತೆಂದು ನನ್ನನ್ನು ಬೈದರು,
ಮರುದಿನ ಮುದ್ದು ಸಾಲದೆಂದು.
ಫೆಬ್ರವರಿಗೆ ಶಾಲೆ ನಿಂತಿತು.
ಕುರ್ಚಿಯ ಮೇಲೆ ಬ್ಯಾಗು ಮಾತ್ರ ದಿನವೂ ಸಿದ್ಧ.
ರಾತ್ರಿ ಅವಳೇ ಜೋಡಿಸಿಡುತ್ತಿದ್ದಳು.

ಇಯಾ ಎಂಬಾಕೆ, ಮಕ್ಕಳ ಮನಸ್ಸಿನ ವೈದ್ಯೆ,
ಮಗಳನ್ನು ಕಳಿಸಿ ನನ್ನನ್ನು ಕೂರಿಸಿಕೊಂಡು ಕೇಳಿದಳು:
"ನೀವು ಬರ್ತೀನಿ ಅಂದ ಮೇಲೆ
ಎಷ್ಟು ಹೊತ್ತು ನೆಮ್ಮದಿಯಾಗಿರ್ತಾಳೆ?"
ನಾನು ಲಿಫ್ಟಿನ ವಿಷಯ ಹೇಳಿದೆ. ಯಾಕೆ ಹೇಳಿದೆನೋ.
ಆಕೆ ನಗಲಿಲ್ಲ. ಬರೆದುಕೊಂಡಳು.

ಹಿಟ್ಟು ನಾದುತ್ತಾ ಹೊಸ ಮಾತು ಬಾಯಿಪಾಠ ಮಾಡಿದೆ:
ನಿನಗೆ ತುಂಬ ಭಯ ಆಗ್ತಿದೆ, ಗೊತ್ತು.
ಭಯದ ಜೊತೆಗೇ ನೀನು ಇರಬಲ್ಲೆ, ಅದೂ ಗೊತ್ತು.
ಅಷ್ಟೇ. ನುತ್ಸಾಗೂ ಮೊದಲೇ ತಿಳಿಸಿದ್ದೆ,
ಇನ್ನು ಮೇಲೆ ಆ ಪ್ರಶ್ನೆಗೆ ಇಷ್ಟೇ ಉತ್ತರ ಎಂದು.

ಆದರೂ ಕಿರುಚಿದಳು.
"ನನ್ನಮ್ಮ ಹೀಗೆ ಮಾತಾಡಲ್ಲ! ಯಾರು ಹೇಳಿಕೊಟ್ರು?"
ನಿಜ. ಹೇಳಿಕೊಟ್ಟಿದ್ದರು.
ನಲ್ಲಿ ಬಿಟ್ಟುಕೊಂಡು ಬಚ್ಚಲಲ್ಲಿ ಅತ್ತುಬಿಟ್ಟೆ,
ತೋನೆಯಿಂದ ಆಗತಾನೆ ಕಿತ್ತ ರೊಟ್ಟಿಯ ಚೂರಿನ ಹಾಗೆ
ಬಾಯೊಳಗೆ ಸುಡುತ್ತಿತ್ತು ಬರ್ತೀನಿ,
ಉಗುಳಲಾರೆ, ನುಂಗಲಾರೆ.

ಮೊದಲ ವಾರ ಎಂಟನೇ ಮಹಡಿಯ ತನಕ.
ಆಮೇಲೆ ಕೆಳಗಿನ ಅಂಚೆಪೆಟ್ಟಿಗೆ.
ಆಮೇಲೆ ಓತಾರಿಯ ಅಂಗಡಿ, ಒಬ್ಬಳೇ, ಒಂದು ಪೊಟ್ಟಣ ಉಪ್ಪಿಗೆ.
(ಮನೆಯಲ್ಲಿ ಈಗಲೂ ಹದಿನಾಲ್ಕು ಪೊಟ್ಟಣ ಉಪ್ಪಿದೆ.)
ಈಸ್ಟರ್ ಮುಗಿದ ಮೇಲೆ ಎಲ್ಲ ಮಣ್ಣುಪಾಲು,
ಮತ್ತೆ ಎಂಟನೇ ಮಹಡಿಯಿಂದ.

ಮೇ ತಿಂಗಳ ಒಂದು ಬೆಳಿಗ್ಗೆ, ಬ್ಯಾಗು ಬೆನ್ನಿಗೆ.
ಮುಷ್ಟಿಯಲ್ಲಿ, ಸಂಜೆ ಹತ್ತಿ ಬರಲು, ಬೆವೆತ ನಾಣ್ಯ.
"ಕೇಳಬೇಕು ಅನ್ನಿಸ್ತಿದೆ," ಎಂದಳು.
"ಹ್ಞೂಂ," ಎಂದೆ.
"ತುಂಬಾ."
"ಹ್ಞೂಂ."
ಬಾಗಿಲು ಮುಚ್ಚಿತು.

ಹಗ್ಗ ಸೆಳೆಯುವ ಸದ್ದಿಗೆ ಕಿವಿಗೊಟ್ಟು
ಒಂದೊಂದೇ ಮಹಡಿ ಎಣಿಸುತ್ತಾ ನಿಂತೆ.
ಆರು. ಐದು.
ನಾಲ್ಕರ ಹತ್ತಿರ ನನ್ನ ಗಂಟಲಿಗೆ ಬಂತು:
ನೀನು ವಾಪಸ್ ಬರ್ತೀಯ ಅಲ್ವಾ?
ಫೋನು ಕೈಯಲ್ಲೇ ಇತ್ತು.
ಏಪ್ರನ್ನಿನೊಳಗೆ ಇಳಿಬಿಟ್ಟು, ಕೈಯನ್ನೂ ಅಲ್ಲೇ ಇಟ್ಟುಕೊಂಡು
ಮೆಟ್ಟಿಲಿಳಿದು ಕೆಲಸಕ್ಕೆ ಹೋದೆ.