ಅರೆಬೆಂದದ್ದು

"ಕಡಿಮೆ ಅಪಾಯದ್ದು" ಎಂದರು ಡಾಕ್ಟರ್ ಪ್ರಿಚರ್ಡ್,
ಕುರ್ಚಿ ಹತ್ತಿರ ಎಳೆದುಕೊಂಡು.
ಕಿಟಕಿಯಾಚೆ ಹಲ್ ಊರಿನ ಮಂಜು, ಹಂಬರ್ ಸೇತುವೆಗೆ
ಒಂದೇ ಕಾಲು ಕಾಣುತ್ತಿತ್ತು.

ಮಜ್ಜೆ ಖಾಲಿಯಾಗಿಲ್ಲವಂತೆ, ತುಂಬಿ ತುಳುಕುತ್ತಿದೆಯಂತೆ.
ಕೆಲಸ ನಡೆದೇ ಇದೆ, ಸರಕು ಹೊರಗೆ ಬರುತ್ತಿಲ್ಲ.
ಇದು ನನಗೆ ತಿಳಿಯದ ವಿಷಯವೇ?
ಇಪ್ಪತ್ತೆಂಟು ವರ್ಷ ಬೇಕರಿಯಲ್ಲಿ
ರಾತ್ರಿ ಪಾಳಿ ಮಾಡಿದವಳು ನಾನು.
ಹಿಟ್ಟು ಉಬ್ಬುತ್ತದೆ, ಒಲೆ ಉರಿಯುತ್ತದೆ,
ಆದರೂ ಒಂದೊಂದು ರಾತ್ರಿ ತಟ್ಟೆ ತಟ್ಟೆಯೇ ಅರೆಬೆಂದು
ತೊಟ್ಟಿಗೆ ಬೀಳುತ್ತದೆ.
ಯಾರ ತಪ್ಪೂ ಅಲ್ಲ ಎನ್ನುತ್ತಿದ್ದ ಮೇಸ್ತ್ರಿ,
ಎಲ್ಲರನ್ನೂ ಬೈದಾದ ಮೇಲೆ.

ಚಿತ್ರ ತೋರಿಸಿದರು: ದುಂಡನೆಯ ಕಣಗಳು,
ಒಂದೊಂದರ ಒಳಗೂ ನೀಲಿ ಚುಕ್ಕೆಗಳ ಉಂಗುರ.
ಕಬ್ಬಿಣ, ಎಂದರು. ಉಪಯೋಗಕ್ಕೆ ಬಾರದೆ ಕೂತದ್ದು.
ಚಿನ್ನದ್ದಾಗಿದ್ದರೆ ಎರಡಾದರೂ ಅಡವಿಡಬಹುದಿತ್ತು, ಎಂದೆ.
ನಗಬೇಕೋ ಬೇಡವೋ ಅವರಿಗೆ ತಿಳಿಯಲಿಲ್ಲ.

ಮೊದಲ ಆರು ತಿಂಗಳು ಏನೂ ಮಾಡಲಿಲ್ಲ.
ನೋಡೋಣ ಎನ್ನುವುದೂ ಒಂದು ಔಷಧ.
ಆಮೇಲೆ ವಾರಕ್ಕೊಂದು ಸೂಜಿ, ಹೊಟ್ಟೆಗೆ.
ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಅದರ ಡಬ್ಬಿ.
ಒಂದು ವರ್ಷ ಮಜ್ಜೆ ಮಾತು ಕೇಳಿತು, ಆಮೇಲೆ ಕೇಳಲಿಲ್ಲ.
ಈಗ ಮೂರು ವಾರಕ್ಕೊಮ್ಮೆ ಬೇರೆಯದು;
ನಡುವೆ ಎಂಬತ್ತಕ್ಕಿಂತ ಕೆಳಗಿಳಿದರೆ ಎರಡು ಚೀಲ ರಕ್ತ,
ರಕ್ತದ ಜೊತೆ ಇನ್ನಷ್ಟು ಕಬ್ಬಿಣ,
ಅದನ್ನು ತೊಳೆಯಲು ಇನ್ನೊಂದು ಮಾತ್ರೆ.
ಎಪ್ಪತ್ತೊಂಬತ್ತು ಎಂದು ಚೀಟಿ ಬರುವ ಮೊದಲೇ
ಮೆಟ್ಟಿಲು ಹೇಳಿರುತ್ತದೆ.

ಮೂರನೇ ಕುರ್ಚಿಯ ಡೆರಿಕ್, ಐಸ್‌ಲ್ಯಾಂಡಿನ ತನಕ
ಮೀನಿಗೆ ಹೋದವನು. ಚನ್ನವೀರಮ್ಮ ಅವನ ಬಾಯಲ್ಲಿ ವೆರಾ.
"ಇವತ್ತಿನದು ಯಾರದ್ದಿರಬಹುದು, ವೆರಾ?
ನಂದು ಪಾದ್ರಿಯದೇ. ನೋಡು, ಒಂದು ಬೈಗುಳವೂ ಹೊರಡುತ್ತಿಲ್ಲ."
ಹೋದ ತಿಂಗಳಿಂದ ಆ ಕುರ್ಚಿಯಲ್ಲಿ ಬೇರೆಯವರು.
ನಾನು ಕೇಳಲಿಲ್ಲ. ನರ್ಸ್ ಹೇಳಲಿಲ್ಲ.

ಸಂಜೆ ಬಸ್ಸಿನಲ್ಲಿ ಎದುರು ಕೂತವರನ್ನು
ಸ್ವಲ್ಪ ಹೆಚ್ಚೇ ಹೊತ್ತು ನೋಡುತ್ತೇನೆ.
ಕತ್ತಿನ ತುಂಬ ಹಚ್ಚೆಯ ಈ ಹುಡುಗನೋ,
ಬಾಯಿ ತೆರೆದು ನಿದ್ದೆಹೋದ ಈ ಹೆಂಗಸೋ.
ನಮ್ಮ ಕಡೆ ರಕ್ತಸಂಬಂಧ ಏಳು ತಲೆಮಾರಿನ ಲೆಕ್ಕ.
ಇಲ್ಲಿ ಮೂರು ವಾರ.

ಮನೆಯ ಮೆಟ್ಟಿಲು ಹದಿಮೂರು.
ಇವತ್ತು ಎಲ್ಲೂ ನಿಲ್ಲದೆ ಹತ್ತಿದೆ.
ಹತ್ತಿದ ಮೇಲೆ
ಏತಕ್ಕೆ ಬಂದೆನೆಂದು ಮರೆತು ನಿಂತೆ.