ದುಂಡವ್ವತ್ತಿಯ ಲೆಕ್ಕ

ಕೂಡು ಅಂದರ ಎಂದೂ ಕೂತಾಕಿ ಅಲ್ಲ.
ಕಡೀಕ ಮಠಪತಿ ಬಂದು ಕಾಲು ಮಡಿಸಿ ಕೂಡಿಸಿದರು,
ಹಣಿ ತುಂಬ ವಿಭೂತಿ,
ಗೋಡಿಯ ಮೊಳಿಗೆ ಗಲ್ಲದ ಪಟ್ಟಿ ಬಿಗಿದು.
ಓಣಿಯವರೆಲ್ಲ ಒಂದು ಗಳಿಗಿ ಉಸಿರು ಹಿಡಿದರು,
ಈಗ ಬಿಚ್ಚಿಕೊಂಡು ಎದ್ದು ಬೈತಾಳೇನೋ ಅಂತ.
ಬೈಲಿಲ್ಲ.
ನಮ್ಮವ್ವ ಅತ್ತದ್ದು ಆವಾಗ.

ಹೆಸರು ದುಂಡವ್ವ. ಮೈ ಮಾತ್ರ ಲಾಳಿಯ ಹಂಗ,
ಸಣ್ಣಗ, ಎರಡೂ ತುದಿ ಚೂಪ.
ಆ ಮನಿಯಿಂದ ಈ ಮನಿಗೆ, ಈ ಮನಿಯಿಂದ ಆ ಮನಿಗೆ
ನೂಲಿನ ಬದಲಿ ಚಾಡಿ ಎಳಕೊಂಡು.
ಗುಳೇದಗುಡ್ಡದ ಅರ್ಧ ಜಗಳ ಆಕಿ ನೇಯ್ದದ್ದು,
ಉಳಿದರ್ಧಕ್ಕ ಬಣ್ಣ ಹಾಕಿದ್ದು.

ಗಂಡ ಸೊಲ್ಲಾಪುರದ ಮಿಲ್ಲಿಗೆ ಹೋದಾವ ತಿರುಗಿ ಬರಲಿಲ್ಲ.
"ಓಡಿ ಹೋದ" ಅಂದವರಿಗೆ
"ಓಡಿಸೀನಿ" ಅಂತ ತಿದ್ದತಿದ್ದಳು,
ಕನ್ನಡ ಸಾಲಿ ಮಾಸ್ತರ ಹಂಗ.

ಒಮ್ಮೆ ಬಾದಾಮಿ ಬಸ್ಸಿನ್ಯಾಗ ನಾನೂ ಇದ್ದೆ.
"ನಿಂತು ಬಂದೀನಿ, ನಿಂತವರಿಗೂ ಅಷ್ಟ ರೊಕ್ಕೇನ?"
ಕಂಡಕ್ಟರ ಸೀಟಿ ಊದಿದ. ಬಸ್ಸು ನಿಂತಿತು.
ಬಿಸಿಲಾಗ ಐವತ್ತು ಮಂದಿ, ಒಬ್ಬ ಮದಲಿಂಗ, ಎರಡು ಆಡು
ಎಂಟಾಣೆ ಸಲುವಾಗಿ ಬೆವೆತವು.
ಗೆದ್ದಳು. ಗೆದ್ದ ಮ್ಯಾಲೆ ಚೀಲ ಬಿಚ್ಚಿ
ಅದೇ ಕಂಡಕ್ಟರನ ಕೈಯಾಗ ಶೇಂಗಾ ಹೋಳಿಗಿ ಇಟ್ಟಳು:
"ಒಣಗೀದಿ, ತಿನ್ನು. ಹೆಂಡತಿ ಉಣ್ಣಾಕ ಹಾಕೂದಿಲ್ಲೇನ?"

ನನ್ನ ಮದಿವ್ಯಾಗ ಸೀರಿ ಕೊಟ್ಟರ
"ಇದು ಹಸರಲ್ಲ, ಗಿಳಿಹಸರ" ಅಂತ ಒಗದು ಹೊಂಟಳು.
ಹಿಂದ ಅಪ್ಪ, ಅಪ್ಪನ ಹಿಂದ ಕಾಕಾ,
ಮೆರವಣಿಗಿ ಅಂತ ತಿಳಿದು ಬ್ಯಾಂಡಿನವರೂ ಅಗಸಿ ತನಕ.
ಮಾದಲಿ ಬಡಿಸೂ ಹೊತ್ತಿಗೆ ತಾನ ಬಂದು
ಪಂಕ್ತಿ ತುದಿಗೆ ನಿಂತ ಉಂಡಳು,
ತುಪ್ಪ ಕಮ್ಮಿ ಅಂತ ಮೂರು ಸಲ ಹಾಕಿಸಿಕೊಂಡು.

ನಗತೀವಿ ಈಗ.
ಆದರ ನನ್ನ ಮಗಳು ಹುಟ್ಟಿದ ದಿನ
ತೊಟ್ಟಿಲಕ್ಕ ಬಗ್ಗಿ, "ಮತ್ತೊಂದು ಕರೀದು" ಅಂದಳಲ್ಲ,
ಅದಕ್ಕ ಇನ್ನೂ ನಗು ಬಂದಿಲ್ಲ.
ಸತ್ತವರ ಬಗ್ಗೆ ಚಲೋದಷ್ಟ ಹೇಳಬೇಕಂತ.
ಹಂಗಾದರ ಈ ಕವಿತೆ
ಹೋಳಿಗಿಯ ಹತ್ತರನ ಮುಗೀಬೇಕಿತ್ತು.

ಮೂರನೇ ದಿನ ಟ್ರಂಕು ತೆರೆದಿವಿ.
ಒಳಗ ಓಣಿಗೆ ಓಣಿ:
ಪಾರವ್ವನ ಸೌಟು, ಬನಶೆಟ್ಟರ ಚರಿಗಿ,
"ಚಿ. ವಿರೂಪಾಕ್ಷಿಯ ತೊಟ್ಟಿಲ ನೆನಪಿಗೆ" ಅಂತ ಕೆತ್ತಿದ ಐದು ವಾಟಗ
(ವಿರೂಪಾಕ್ಷಿಗೆ ಈಗ ಮೊಮ್ಮಕ್ಕಳು),
ಮಠದ ಗಂಟಿಯ ನಾಲಿಗಿ.
ನಾಲಿಗಿ ಯಾಕ ಬೇಕಿತ್ತು ಆಕಿಗೆ, ಇದ್ದದ್ದ ಸಾಕಿತ್ತಲ್ಲ,
ಅಂತ ಮಠಪತಿಗಳು ಅಂದರು.
ಅವರೂ ನಕ್ಕರು, ಆಮ್ಯಾಲೆ ಕಣ್ಣು ಒರಸಿಕೊಂಡರು.

ತಳದಾಗ ಒಂದು ಗಿಳಿಹಸರ ಸೀರಿ, ಮಡಿಕಿ ಮುರಿದಿಲ್ಲ.
ಅದರೊಳಗ ಒಂದು ಪಟ್ಟಿ, ನೀಲಿ ಪೆನ್ಸಿಲಿನ ಅಕ್ಷರ.
ಯಾರು ಯಾವತ್ತು ಏನಂದರು,
ಯಾರ ಮನ್ಯಾಗ ಚಾದಾಗ ಸಕ್ರಿ ಇರಲಿಲ್ಲ,
ಎಲ್ಲಾ ತಾರೀಖು ಸಮೇತ.
ನನ್ನ ಹೆಸರಿನ ಮುಂದ:
ಏಳು ರೂಪಾಯಿ. ಕೊಡೂದೈತಿ.

ಯಾರು? ಯಾರಿಗೆ?
"ನೀನ ಕೊಡಬೇಕು" ಅಂತ ಅಣ್ಣ.
"ಆಕಿ ಯಾವಾಗ ಕೊಡಾಕಿ? ಆಕೀದ ಬಾಕಿ" ಅಂತ ಅವ್ವ.
ಅಪ್ಪ ಕನ್ನಡಕ ಏರಿಸಿ ನೋಡಿ,
"ಕರ್ತೃನೂ ಇಲ್ಲ, ಬರೇ ಕ್ರಿಯಾಪದ" ಅಂತ ಕೈ ಚೆಲ್ಲಿದ.
ದನಿ ಏರಿತು. ತಟ್ಟಿ ಬಿತ್ತು.
ಬಾಜೂ ಮನಿ ಪಾರವ್ವ, ಕೈಯಾಗ ತನ್ನ ಸೌಟು,
ಕಿಟಿಕ್ಯಾಗ ಮಾರಿ ತೂರಿಸಿ ಕೇಳಿದಳು:
"ಏನ್ರೆವ್ವಾ, ದುಂಡವ್ವ ಬಂದಳೇನು?"

ಒಂದು ಐದರ ನಾಣ್ಯ, ಒಂದು ಎರಡರದು,
ಖಣದ ಚೂರಿನ್ಯಾಗ ಕಟ್ಟಿ ಮಾಡದಾಗ ಇಟ್ಟೀನಿ.
ಕೊಡಾಕೋ, ಇಸಕೊಂಡಿದ್ದೋ,
ನನಗೂ ತಿಳಿವಲ್ಲದು.
ಮಗಳಿಗೆ ಮಾತ್ರ ಹೇಳೀನಿ,
ಮುಟ್ಟಬ್ಯಾಡ, ಆಕಿ ಎಣಿಸಿರತಾಳ.